ಎರಡನೇ ಪರದೆಯ ಎದುರು ಕೂತವರು

ಒಂದೇ ಕಂಪ್ಯೂಟರಿಗೆ ಎರಡು ಪರದೆ ಎಂದ ಕೂಡಲೇ ಷೇರು ವ್ಯಾಪಾರದವರ ಇಲ್ಲವೇ ಸಿನಿಮಾ ಸಂಕಲನಕಾರರ ಮೇಜು ಕಣ್ಣಿಗೆ ಬರುತ್ತದೆ. ಆದರೆ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೆ ಈ ಜೋಡಿ ಪರದೆ ಕಾಲಿಟ್ಟು ಸುಮಾರು ಇಪ್ಪತ್ತೈದು ವರ್ಷವಾಯಿತು. ಕಂದಾಯ ಇಲಾಖೆಯ 'ಭೂಮಿ' ಯೋಜನೆಯಡಿ 2000ದ ಆಸುಪಾಸಿನಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ತಾಲ್ಲೂಕು ಕೇಂದ್ರಗಳಲ್ಲಿ ತೆರೆದ ಕೌಂಟರುಗಳಿಗೆ ಒಂದು ವಿಶೇಷ ಏರ್ಪಾಡು ರೂಪಿಸಲಾಗಿತ್ತು. ಸಿಬ್ಬಂದಿಯ ಮುಂದೆ ಒಂದು ಪರದೆ, ರೈತನ ಕಡೆ ಮುಖ ಮಾಡಿದ ಇನ್ನೊಂದು. ತನ್ನ ಸರ್ವೆ ನಂಬರಿನ ಎದುರು ಏನು ನಡೆಯುತ್ತಿದೆ, ಯಾರ ಹೆಸರು ಬರುತ್ತಿದೆ ಎಂಬುದನ್ನು ಅರ್ಜಿದಾರ ಕೌಂಟರಿನ ಈಚೆ ನಿಂತೇ ನೋಡಬೇಕು ಎಂಬುದು ಅದರ ಉದ್ದೇಶ.

ಇದು ಸಣ್ಣ ಬದಲಾವಣೆಯಲ್ಲ. ಅದುವರೆಗೆ ದಾಖಲೆಗಳು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಬಂದು, 15 ರೂಪಾಯಿಗೆ ಪಹಣಿ ಕೈಗೆ ಸಿಗುವಂತಾಯಿತು. ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿಯ ಅಡಿಕೆ ತೋಟದವರು, ಹೊನ್ನಾಳಿಯ ಹೊಳೆದಂಡೆಯ ಭತ್ತದ ಗದ್ದೆಯವರು, ಜಗಳೂರಿನ ಮೆಕ್ಕೆಜೋಳದ ಹೊಲದವರು ತಂತಮ್ಮ ತಾಲ್ಲೂಕಿನ ಕೌಂಟರಿಗೆ ಬರಬೇಕಿತ್ತು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಹೋಬಳಿ. ಈಗ ಅದೂ ತಾಲ್ಲೂಕು, ಪಹಣಿಯೂ ಮೊಬೈಲಿನಲ್ಲೇ ಸಿಗುತ್ತದೆ. ಎರಡನೇ ಪರದೆ ಮಾತ್ರ ಕಣ್ಮರೆಯಾಗಲಿಲ್ಲ, ಬೇರೆ ಬೇರೆ ಕಡೆ ಹರಡಿತು.

ಆಧಾರ್ ನೋಂದಣಿಯ ಸಲಕರಣೆಗಳಲ್ಲಿ ಜನರ ಕಡೆ ತಿರುಗಿಸಿಟ್ಟ ಹೆಚ್ಚುವರಿ ಮಾನಿಟರ್ ಇರಲೇಬೇಕೆಂಬುದು ನಿಯಮ. ಹೆಸರು, ಹುಟ್ಟಿದ ದಿನ, ವಿಳಾಸ ಸರಿಯಾಗಿ ಮೂಡಿದೆಯೇ ಎಂದು ನೋಂದಣಿಗೆ ಬಂದವರೇ ಓದಿ ಒಪ್ಪಬೇಕು. ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಜೋಡಿಸಿದರೆ ಅದೂ ಎರಡನೇ ಪರದೆಯೇ. ಫೋಟೊ ಸ್ಟುಡಿಯೊದಲ್ಲಿ ಮದುವೆ ಆಲ್ಬಮ್ ತೋರಿಸಲು ಗೋಡೆಗೆ ಹಾಕಿದ ಟಿವಿ, ಕಲ್ಯಾಣ ಮಂಟಪದ ಆರತಕ್ಷತೆಯಲ್ಲಿ ಹೊಳೆಯುವ ಎಲ್‌ಇಡಿ ಗೋಡೆ, ಊರಹಬ್ಬದಲ್ಲಿ ವೇದಿಕೆಯ ಪಕ್ಕ ನಿಲ್ಲಿಸುವ ಪರದೆ, ಎಲ್ಲದರ ಹಿಂದೆ ಒಂದು ಕಂಪ್ಯೂಟರ್, ಎರಡು ಚಿತ್ರ.

ತೊಂದರೆ ಶುರುವಾಗುವುದು ಫುಲ್‌ಸ್ಕ್ರೀನ್ ಗುಂಡಿ ಒತ್ತಿದಾಗ. ವಿಡಿಯೊ ಗೋಡೆಯ ಟಿವಿಯಲ್ಲಿ ಅರಳಬೇಕಾದದ್ದು ಆಪರೇಟರನ ಲ್ಯಾಪ್‌ಟಾಪಿನಲ್ಲಿ ಅರಳುತ್ತದೆ. ಅರ್ಧ ಇಲ್ಲಿ, ಅರ್ಧ ಅಲ್ಲಿ ಹಂಚಿಹೋಗುತ್ತದೆ. ಒಂದರಲ್ಲಿ ಚಿತ್ರ ತುಂಬಿದರೆ ಇನ್ನೊಂದು ಕಪ್ಪಾಗುತ್ತದೆ. ಬಲಗಡೆ, ಕೆಳಗಡೆ ಒಂದೊಂದು ಪಟ್ಟಿ ಖಾಲಿ ಉಳಿದು ಹಿಂದಿನ ಕಿಟಕಿಗಳು ಇಣುಕುತ್ತವೆ. ಆಪರೇಟರನ ಕೈಯಲ್ಲಿ ಮೌಸ್ ಇದೆ, ಅವನು ಹೇಗೋ ನಿಭಾಯಿಸುತ್ತಾನೆ. ಎದುರಿಗೆ ಕೂತ ರೈತ, ವಿದ್ಯಾರ್ಥಿ, ವಧುವಿನ ಅಜ್ಜಿ ಇವರ ಕೈಯಲ್ಲಿ ಏನೂ ಇಲ್ಲ. ಕಂಡಷ್ಟೇ ಕಾಣಬೇಕು. ಫುಲ್‌ಸ್ಕ್ರೀನ್ ದೋಷವನ್ನು ಆಟವಾಡುವ ಹುಡುಗರ ಕಿರಿಕಿರಿ ಎಂದು ತಳ್ಳಿಹಾಕುವುದು ತಪ್ಪು ಎನ್ನಲು ಇದೇ ಕಾರಣ: ಅದರ ನಷ್ಟ ಬೀಳುವುದು ಸರಿಪಡಿಸಲಾಗದ ಜಾಗದಲ್ಲಿ ಕೂತವರ ಮೇಲೆ.

ಎರಡು ಪರದೆ ಹೊಸ ಸಂಗತಿಯೇನಲ್ಲ. 1981ರ ಐಬಿಎಂ ಪಿಸಿಯಲ್ಲೇ ಅಕ್ಷರಕ್ಕೊಂದು, ಬಣ್ಣದ ಚಿತ್ರಕ್ಕೊಂದು ಎಂದು ಎರಡು ಕಾರ್ಡು ಹಾಕಿ ಎರಡು ಮಾನಿಟರ್ ನಡೆಸಬಹುದಿತ್ತು. 1987ರ ಮ್ಯಾಕಿಂಟಾಷ್ 2ರಲ್ಲಿ ಒಂದು ಪರದೆಯಿಂದ ಇನ್ನೊಂದಕ್ಕೆ ಕಿಟಕಿಯನ್ನು ಎಳೆದೊಯ್ಯುವ ಸೌಲಭ್ಯ ಬಂತು. ಮನೆಮನೆಯ ಪಿಸಿಗೆ ಅದನ್ನು ತಂದದ್ದು 1998ರ ವಿಂಡೋಸ್ 98. ಒಂಬತ್ತು ಮಾನಿಟರುಗಳವರೆಗೆ ಜೋಡಿಸಬಹುದಿತ್ತು. ಆದರೆ ಅದರ ಮೇಲೆ ಓಡುತ್ತಿದ್ದ ಸಾವಿರಾರು ತಂತ್ರಾಂಶಗಳನ್ನು ಬರೆದವರು ಒಂದೇ ಪರದೆಯ ಮುಂದೆ ಕೂತು ಬರೆದವರು. 'ಪರದೆಯ ಅಗಲ ಎಷ್ಟು?' ಎಂದು ಅವರ ಪ್ರೋಗ್ರಾಂ ಕೇಳುತ್ತಿತ್ತು. 'ಯಾವ ಪರದೆಯದು?' ಎಂದು ಕೇಳುತ್ತಿರಲಿಲ್ಲ. ಇಂದು ಕಾಣುವ ಬಹುಪಾಲು ಫುಲ್‌ಸ್ಕ್ರೀನ್ ದೋಷಗಳ ಬೇರು ಇಲ್ಲೇ ಇದೆ.

ಕಂಪ್ಯೂಟರ್ ಒಳಗೆ ಪರದೆಗಳನ್ನು ಹೊಲದ ನಕ್ಷೆಯಂತೆ ಅಕ್ಕಪಕ್ಕ ಇಟ್ಟು ಅಳೆಯುತ್ತದೆ. ಮುಖ್ಯ ಪರದೆಯ ಎಡ ಮೇಲ್ತುದಿಯೇ ಬಾಂದುಕಲ್ಲು. ಅದರ ಅಳತೆ ಸೊನ್ನೆ, ಸೊನ್ನೆ. ಅಲ್ಲಿಂದ ಬಲಕ್ಕೆ, ಕೆಳಕ್ಕೆ ಚುಕ್ಕೆಗಳ ಎಣಿಕೆ ಏರುತ್ತದೆ. 1920 ಚುಕ್ಕೆ ಅಗಲದ ಲ್ಯಾಪ್‌ಟಾಪಿನ ಬಲಕ್ಕೆ ಅಷ್ಟೇ ಅಗಲದ ಟಿವಿ ಇದ್ದರೆ ಟಿವಿಯ ಮೊದಲ ಚುಕ್ಕೆಯ ಅಳತೆ 1920. ಟಿವಿ ಎಡಕ್ಕಿದೆ ಎಂದು ಹೇಳಿದರೆ? ಆಗ ಅದು ಬಾಂದುಕಲ್ಲಿನ ಆಚೆ ಬಿತ್ತು, ಅಳತೆ ಋಣಸಂಖ್ಯೆ: ಮೈನಸ್ 1920ರಿಂದ ಮೈನಸ್ 1ರವರೆಗೆ.

ಈ ಮೈನಸ್ ಗುರುತು ಬಹಳ ಪ್ರೋಗ್ರಾಂಗಳನ್ನು ಕೆಡವಿದೆ. ವಿಂಡೋಸಿನಲ್ಲಿ ಮೌಸ್ ಎಲ್ಲಿದೆ ಎಂಬ ಮಾಹಿತಿ 16 ಬಿಟ್‌ಗಳ ತುಂಡುಗಳಾಗಿ ಪ್ರೋಗ್ರಾಂಗೆ ಬರುತ್ತದೆ. ಅದನ್ನು ಬಿಡಿಸಿ ಓದುವ ಹಳೆಯ, ಸುಲಭದ ವಿಧಾನ ಋಣಸಂಖ್ಯೆಯನ್ನು ಗುರುತಿಸುವುದಿಲ್ಲ. ಮೈನಸ್ 1 ಅದರ ಕಣ್ಣಿಗೆ 65,535. ಮೌಸ್ ಎಡಗಡೆಯ ಟಿವಿಯ ಅಂಚಿನಲ್ಲಿದೆ, ಪ್ರೋಗ್ರಾಂ ಮಾತ್ರ ಅದನ್ನು ಎಲ್ಲೋ ಅರವತ್ತೈದು ಸಾವಿರ ಚುಕ್ಕೆ ಬಲಕ್ಕೆ ಹುಡುಕುತ್ತಿದೆ. ಒಂದಕ್ಕಿಂತ ಹೆಚ್ಚು ಮಾನಿಟರ್ ಇದ್ದರೆ ಹಳೆಯ ವಿಧಾನ ತಪ್ಪು ಉತ್ತರ ಕೊಡುತ್ತದೆ, ಬಳಸಬೇಡಿ ಎಂದು ಮೈಕ್ರೋಸಾಫ್ಟ್ ತನ್ನ ಕೈಪಿಡಿಯಲ್ಲೇ ಎಚ್ಚರಿಸಿದೆ. ಬಳಕೆದಾರನ ಮಟ್ಟದಲ್ಲಿ ಇದಕ್ಕೆ ಪರಿಹಾರ ಸರಳ. ಎಡಗಡೆಯ ಪರದೆಯಲ್ಲಿ ಮಾತ್ರ ಕೈಕೊಡುವ ಹಳೆಯ ತಂತ್ರಾಂಶವಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 1, 2 ಎಂದು ತೋರಿಸುವ ಚೌಕಗಳಲ್ಲಿ ಎರಡನೆಯದನ್ನು ಬಲಕ್ಕೆ ಎಳೆದಿಟ್ಟರೆ ಸಾಕು. ನಿಜವಾದ ಟಿವಿಯನ್ನು ಜರುಗಿಸಬೇಕಾಗಿಲ್ಲ.

ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ. 2011ರ ಜುಲೈನಲ್ಲಿ ಆಪಲ್ ಹೊರತಂದ ಮ್ಯಾಕ್ ಓಎಸ್ ಟೆನ್ ಲಯನ್ನಿನಲ್ಲಿ ಫುಲ್‌ಸ್ಕ್ರೀನ್ ಒಂದು ಮುಖ್ಯ ಆಕರ್ಷಣೆ. ಆದರೆ ಒಂದು ಪರದೆಯಲ್ಲಿ ಏನನ್ನಾದರೂ ಪೂರ್ತಿ ತೆರೆದರೆ ಪಕ್ಕದ ಪರದೆಯ ತುಂಬ ಬೂದು ಬಟ್ಟೆಯ ವಿನ್ಯಾಸ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ದುಡ್ಡು ಕೊಟ್ಟು ತಂದ ಎರಡನೇ ಮಾನಿಟರ್ ಸುಮ್ಮನೆ ನಿಲ್ಲುತ್ತಿತ್ತು. ಪ್ರತಿ ಪರದೆಗೂ ಸ್ವತಂತ್ರ ವ್ಯವಸ್ಥೆ ಸಿಗಲು 2013ರ ಅಕ್ಟೋಬರಿನ ಮ್ಯಾವೆರಿಕ್ಸ್‌ವರೆಗೆ ಕಾಯಬೇಕಾಯಿತು. ಫ್ಲ್ಯಾಶ್ ಪ್ಲೇಯರಿನ ಕತೆ ಇನ್ನೊಂದು ಬಗೆಯದು. ಎರಡನೇ ಪರದೆಯಲ್ಲಿ ವಿಡಿಯೊ ದೊಡ್ಡದು ಮಾಡಿಟ್ಟು ಮೊದಲನೆಯದರಲ್ಲಿ ಒಂದು ಕ್ಲಿಕ್ ಮಾಡಿದರೆ ವಿಡಿಯೊ ಕುಗ್ಗಿಬಿಡುತ್ತಿತ್ತು. ಗಮನ ಬೇರೆಡೆ ಹೋಯಿತೆಂದರೆ ಫುಲ್‌ಸ್ಕ್ರೀನ್ ಮುಗಿಯಿತೆಂದು ಅದು ಭಾವಿಸುತ್ತಿತ್ತು. 2011ರ ಫೆಬ್ರುವರಿಯ 10.2 ಆವೃತ್ತಿಯಲ್ಲಿ ಅದು ಸರಿಹೋಯಿತು. ಲಿನಕ್ಸಿನಲ್ಲಿ ಹಳೆಯ ಆಟಗಳು ಎರಡೂ ಪರದೆಯನ್ನು ಒಂದೇ ಉದ್ದ ಹಲಗೆಯೆಂದು ತಿಳಿದು ನಡುಮಧ್ಯಕ್ಕೆ, ಎಂದರೆ ಎರಡು ಮಾನಿಟರುಗಳ ಕಟ್ಟು ಸೇರುವ ಜಾಗಕ್ಕೇ ಚಿತ್ರವನ್ನು ತಂದಿಡುತ್ತಿದ್ದವು. ಇಲ್ಲಿರುವುದು ಎರಡು ಪರದೆ, ಇಂತಿಂಥ ಅಳತೆ ಎಂದು ತಂತ್ರಾಂಶಕ್ಕೆ ತಿಳಿಸುವ ಕ್ಸೈನೆರಾಮ, ಮುಂದೆ 2007ರಲ್ಲಿ ಬಂದ ರ್‍ಯಾಂಡರ್ 1.2, ಇವು ಆ ಗೊಂದಲವನ್ನು ಬಿಡಿಸಿದವು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚು ಕಾಡುವುದು ಅಕ್ಷರದ ಗಾತ್ರದ ಲೆಕ್ಕ. 15 ಇಂಚಿನ ಪರದೆಯಲ್ಲಿ 1920×1080 ಚುಕ್ಕೆ ತುಂಬಿದಾಗ ಅಕ್ಷರ ಬಹಳ ಚಿಕ್ಕದಾಗುತ್ತದೆ. ಅದಕ್ಕೆ ವಿಂಡೋಸ್ ಎಲ್ಲವನ್ನೂ 125 ಪ್ರತಿಶತಕ್ಕೆ ಹಿಗ್ಗಿಸಿ ತೋರಿಸುತ್ತದೆ. ಹಳೆಯ ತಂತ್ರಾಂಶಕ್ಕೆ ಈ ಹಿಗ್ಗುವಿಕೆ ತಿಳಿಯದು. 'ನಿನ್ನ ಪರದೆ 1536×864' ಎಂದೇ ವಿಂಡೋಸ್ ಅದಕ್ಕೆ ಹೇಳುತ್ತದೆ. ಅದೇ ಅಳತೆಯನ್ನು ನಂಬಿಕೊಂಡು ತಂತ್ರಾಂಶ 100 ಪ್ರತಿಶತದಲ್ಲಿರುವ ಟಿವಿಗೆ ಹೋಗಿ ಕೂತರೆ ಬಲಗಡೆ 384 ಚುಕ್ಕೆ, ಕೆಳಗಡೆ 216 ಚುಕ್ಕೆ ಖಾಲಿ ಉಳಿಯುತ್ತವೆ. ಒಂದೊಂದು ಪರದೆಗೂ ಒಂದೊಂದು ಪ್ರಮಾಣ ಇಡುವ ಅವಕಾಶ ಬಂದದ್ದು 2013ರ ವಿಂಡೋಸ್ 8.1ರಲ್ಲಿ; 2017ರ ವಿಂಡೋಸ್ 10 ಪರಿಷ್ಕರಣೆಯಲ್ಲಿ ಅದು ಇನ್ನಷ್ಟು ಹದಕ್ಕೆ ಬಂತು. ಅದಕ್ಕೂ ಮೊದಲು ಬರೆದ ಬಿಲ್ಲಿಂಗ್, ಆಲ್ಬಮ್, ಶಾಲಾ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿವೆ. ಎರಡೂ ಪರದೆಯ ಪ್ರಮಾಣವನ್ನು ಒಂದೇ ಮಾಡಿ, ಲಾಗೌಟ್ ಆಗಿ ಮತ್ತೆ ಒಳಬಂದರೆ ಇಂಥ ಖಾಲಿ ಪಟ್ಟಿಗಳು ಬಹುತೇಕ ಹೋಗುತ್ತವೆ. ಅಕ್ಷರ ಚಿಕ್ಕದಾದೀತು, ಕಾರ್ಯಕ್ರಮ ಮುಗಿಯುವವರೆಗೆ ಸಹಿಸಬಹುದು.

ಇನ್ನೊಂದು ದೋಷಕ್ಕೆ ಹೆದರಿ ಜನ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ನಿನ್ನೆ ಅಂಗಡಿಯಲ್ಲಿ ಟಿವಿಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ಇಂದು ಮನೆಯಲ್ಲಿ ತೆರೆದರೆ ತಂತ್ರಾಂಶ ಶುರುವಾಗುವುದೇ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಅದರ ಗುರುತಿದೆ, ಮೇಲೆ ಏನೂ ಇಲ್ಲ. ನಿಜವಾಗಿ ಅದು ತೆರೆದಿದೆ. ಕಳೆದ ಸಲ ತಾನಿದ್ದದ್ದು 2200ನೇ ಚುಕ್ಕೆಯಲ್ಲಿ ಎಂದು ನೆನಪಿಟ್ಟುಕೊಂಡು, ಈಗ ಇಲ್ಲದ ಟಿವಿಯಲ್ಲಿ ಹೋಗಿ ನಿಂತಿದೆ. ಆ ಗುರುತಿನ ಮೇಲೆ ಒಮ್ಮೆ ಒತ್ತಿ, ಶಿಫ್ಟ್ ಮತ್ತು ವಿಂಡೋಸ್ ಕೀಲಿಗಳನ್ನು ಹಿಡಿದು ಎಡಬಾಣ ಒತ್ತಿದರೆ ಕಿಟಕಿ ಪರದೆಯಿಂದ ಪರದೆಗೆ ಜಿಗಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, 'ಎಂ' ಒತ್ತಿ, ಬಾಣದ ಕೀಲಿಯಿಂದ ಎಳೆದು ತರಬಹುದು. ಸಾವಿರ ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸುವ ಮುನ್ನ ಈ ಎರಡನ್ನು ಪ್ರಯತ್ನಿಸಲೇಬೇಕು.

ಕರೆಂಟು ಹೋಗುವ ಊರುಗಳಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ, ಟಿವಿಗೆ ಯುಪಿಎಸ್ ಇರುವುದಿಲ್ಲ. ಟಿವಿ ಆರಿದ ಕೂಡಲೇ ಎಚ್‌ಡಿಎಂಐ ತಂತಿಯ ಮೂಲಕ 'ನಾನಿದ್ದೇನೆ' ಎಂದು ಹೇಳುತ್ತಿದ್ದ ಸಂಕೇತ ನಿಂತುಹೋಗಬಹುದು. ಆಗ ವಿಂಡೋಸ್ ಎರಡನೇ ಪರದೆಯನ್ನು ಕಿತ್ತರೆಂದೇ ತಿಳಿದು ಅಲ್ಲಿದ್ದ ಎಲ್ಲವನ್ನೂ ಮೊದಲನೆಯದಕ್ಕೆ ತಂದು ಸುರಿಯುತ್ತದೆ. ಕರೆಂಟು ಬಂದ ಮೇಲೆ ಫುಲ್‌ಸ್ಕ್ರೀನ್ ಚಿತ್ರ ಎಲ್ಲಿಗೆ ಹೋಗಬೇಕೆಂಬುದು ಅದಕ್ಕೆ ಮರೆತಿರುತ್ತದೆ. ಡಿಸ್‌ಪ್ಲೇಪೋರ್ಟ್ ತಂತಿಯಲ್ಲಿ ಮಾನಿಟರ್ ಗುಂಡಿ ಆರಿಸಿದರೂ ಹೀಗಾಗುತ್ತಿತ್ತು. ಈ ದೂರು ವರ್ಷಗಟ್ಟಲೆ ಬಂದ ಮೇಲೆ ವಿಂಡೋಸ್ 11ರಲ್ಲಿ ಯಾವ ಪರದೆಯಲ್ಲಿ ಯಾವ ಕಿಟಕಿ ಇತ್ತೆಂದು ನೆನಪಿಡುವ ಆಯ್ಕೆ ಕೊಡಲಾಯಿತು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದರ ಮುಂದೆ ಗುರುತು ಇದೆಯೇ ಎಂದು ನೋಡಿಕೊಂಡರೆ ಒಳ್ಳೆಯದು. ಸಾಧ್ಯವಾದರೆ ಟಿವಿಯನ್ನೂ ಯುಪಿಎಸ್‌ಗೆ ಹಾಕಿಸುವುದು ಇನ್ನೂ ಒಳ್ಳೆಯದು.

ಎಲ್ಲ ತಪ್ಪೂ ತಂತ್ರಾಂಶದ್ದಲ್ಲ, ಕೆಲವು ತಂತಿಯವು. ಪ್ರತಿ ಮಾನಿಟರೂ ತನ್ನ ಅಳತೆ, ಸಾಮರ್ಥ್ಯಗಳನ್ನು ಕನಿಷ್ಠ 128 ಬೈಟ್‌ಗಳ ಒಂದು ಚೀಟಿಯಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಇಡಿಐಡಿ ಎಂಬ ಈ ಏರ್ಪಾಡು 1994ರಿಂದ ಇದೆ. ಹಳೆಯ ವಿಜಿಎ ತಂತಿಯ 15 ಪಿನ್ನುಗಳಲ್ಲಿ 12 ಮತ್ತು 15ನೆಯವು ಆ ಚೀಟಿಗೆಂದೇ ಮೀಸಲು. ಅಗ್ಗದ ಉದ್ದ ತಂತಿಯಲ್ಲಿ ಅವಕ್ಕೆ ಎಳೆಯೇ ಇಲ್ಲದಿದ್ದರೆ, ಅಥವಾ ನಡುವಿನ ಸ್ಪ್ಲಿಟರ್ ಪೆಟ್ಟಿಗೆ ಚೀಟಿಯನ್ನು ದಾಟಿಸದಿದ್ದರೆ, ಕಂಪ್ಯೂಟರ್ ಅಂದಾಜಿನ ಮೇಲೆ 1024×768ನಂಥ ಸಣ್ಣ ಅಳತೆಗೆ ಇಳಿಯುತ್ತದೆ. ಅಗಲದ ಟಿವಿಯಲ್ಲಿ ಮುಖಗಳು ಹಿಗ್ಗಿ ಕಾಣುವುದು, ಎಡಬಲ ಕಪ್ಪು ಪಟ್ಟಿ ಬರುವುದು ಇದರಿಂದಲೇ. ತಂತಿ ಬದಲಿಸಿ ನೋಡದೆ ಸೆಟ್ಟಿಂಗಿನಲ್ಲಿ ಗಂಟೆಗಟ್ಟಲೆ ಹುಡುಕಿ ಪ್ರಯೋಜನವಿಲ್ಲ. ಇನ್ನು ನಾಲ್ಕೂ ಅಂಚು ಸ್ವಲ್ಪ ಸ್ವಲ್ಪ ಕತ್ತರಿಸಿದಂತೆ ಕಂಡು ಪಹಣಿಯ ಮೊದಲ ಕಾಲಂ ಮಾಯವಾದರೆ ಅದು ಟಿವಿಯ ಹಳೆಯ ರೂಢಿ. ಪ್ರಸಾರದ ಚಿತ್ರದ ಅಂಚುಗಳನ್ನು ಮರೆಮಾಡಲು ಟಿವಿಗಳು ಚಿತ್ರವನ್ನು ಚೂರು ಹಿಗ್ಗಿಸುತ್ತಿದ್ದವು. ರಿಮೋಟಿನ ಪಿಕ್ಚರ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್', 'ಫುಲ್ ಪಿಕ್ಸೆಲ್' ಎಂದು ಬ್ರ್ಯಾಂಡಿಗೊಂದು ಹೆಸರಿನಲ್ಲಿ ಪರಿಹಾರ ಇರುತ್ತದೆ.

ಎಲ್‌ಇಡಿ ಗೋಡೆಯದು ಬೇರೆಯೇ ಲೆಕ್ಕ, ಮದುವೆ ಮನೆಯಲ್ಲಿ ಅತಿ ಹೆಚ್ಚು ಬೆವರು ಹರಿಸುವುದೂ ಅದೇ. ಗೋಡೆಯನ್ನು ಅರ್ಧ ಮೀಟರ್ ಚದರದ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು ಕೂಡಿಸಿ ಕಟ್ಟುತ್ತಾರೆ. ಪಿ3.91 ಎಂದು ಕರೆಯುವ ಬಗೆಯಲ್ಲಿ ದೀಪದಿಂದ ದೀಪಕ್ಕೆ 3.91 ಮಿಲಿಮೀಟರ್, ಒಂದು ಪೆಟ್ಟಿಗೆಗೆ 128×128 ಚುಕ್ಕೆ. ಅಡ್ಡಕ್ಕೆ ಆರು, ಎತ್ತರಕ್ಕೆ ನಾಲ್ಕು ಪೆಟ್ಟಿಗೆ ಇಟ್ಟರೆ ಸುಮಾರು ಹತ್ತು ಅಡಿ ಅಗಲ, ಆರೂವರೆ ಅಡಿ ಎತ್ತರದ ಭರ್ಜರಿ ಗೋಡೆ ನಿಲ್ಲುತ್ತದೆ. ಅದರಲ್ಲಿರುವ ಚುಕ್ಕೆಗಳು ಮಾತ್ರ 768×512. ಲ್ಯಾಪ್‌ಟಾಪ್ ಕಳಿಸುತ್ತಿರುವುದು 1920×1080. ನಡುವೆ ಚಿತ್ರವನ್ನು ಕುಗ್ಗಿಸುವ ಪ್ರೊಸೆಸರ್ ಇಲ್ಲದೆ ಚಿತ್ರವನ್ನು ಗೋಡೆಗೆ ದಾಟಿಸುವ ಸೆಂಡಿಂಗ್ ಕಾರ್ಡ್ ಮಾತ್ರ ಇದ್ದರೆ, ಅದು ಎಡ ಮೇಲ್ತುದಿಯಿಂದ 768×512ರಷ್ಟನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎಂದರೆ ಇಡೀ ಚಿತ್ರದ ಐದನೇ ಒಂದು ಭಾಗಕ್ಕೂ ಕಡಿಮೆ. ಫುಲ್‌ಸ್ಕ್ರೀನ್ ಮಾಡಿದಷ್ಟೂ ವರನ ಪೇಟದ ತುದಿಯೊಂದೇ ಗೋಡೆಯ ತುಂಬ ಕಾಣುತ್ತದೆ! ಇಲ್ಲಿ ಫುಲ್‌ಸ್ಕ್ರೀನ್ ಬಿಟ್ಟು, ಕಿಟಕಿಯನ್ನು ಸರಿಯಾಗಿ 768×512ಕ್ಕೆ ಇಳಿಸಿ, ಅಂಚಿಲ್ಲದಂತೆ ಆ ಮೂಲೆಯಲ್ಲಿ ಕೂರಿಸಬೇಕು. ಇಲ್ಲವೇ ಪ್ರೊಸೆಸರಿನಲ್ಲಿ ಗೋಡೆಯ ಅಳತೆ ಕೊಟ್ಟು ಪೂರ್ತಿ ಚಿತ್ರವನ್ನು ಅದಕ್ಕೆ ಇಳಿಸಬೇಕು. ಆರತಕ್ಷತೆಗೆ ಜನ ಸೇರುವ ಮುಂಚೆ, ಮಧ್ಯಾಹ್ನವೇ ಇದನ್ನು ನೋಡಿಕೊಂಡರೆ ಗಾಬರಿ ತಪ್ಪುತ್ತದೆ.

ತರಗತಿಗೆ ಇಷ್ಟು ಕಷ್ಟವಿಲ್ಲ. ವಿಂಡೋಸ್ ಕೀಲಿಯ ಜೊತೆ 'ಪಿ' ಒತ್ತಿ ಎರಡೂ ಕಡೆ ಒಂದೇ ಚಿತ್ರವೋ ಬೇರೆ ಬೇರೆಯೋ ಎಂದು ಮೊದಲು ತೀರ್ಮಾನಿಸಬೇಕು. ಪವರ್‌ಪಾಯಿಂಟಿನ ಸ್ಲೈಡ್ ಶೋ ವಿಭಾಗದಲ್ಲಿ ಯಾವ ಮಾನಿಟರ್ ಎಂದು ಆರಿಸುವ ಪಟ್ಟಿಯಿದೆ. ವಿಎಲ್‌ಸಿಯಲ್ಲೂ ವಿಡಿಯೊ ಆದ್ಯತೆಗಳಲ್ಲಿ ಫುಲ್‌ಸ್ಕ್ರೀನಿಗೆಂದೇ ಪರದೆ ಗೊತ್ತುಮಾಡಬಹುದು. ಒಮ್ಮೆ ಹೇಳಿಟ್ಟರೆ ಪ್ರತಿ ಸಲ ಎಳೆದಾಡಬೇಕಿಲ್ಲ.

ತಂತ್ರಾಂಶ ಬರೆಯುವವರಿಗೂ ಪರಿಹಾರ ದೊಡ್ಡದೇನಲ್ಲ. ಮೈಕ್ರೋಸಾಫ್ಟಿನ ಎಂಜಿನಿಯರ್ ರೇಮಂಡ್ ಚೆನ್ 2010ರಲ್ಲಿ ಅದನ್ನು ಕೆಲವೇ ಸಾಲುಗಳಲ್ಲಿ ಬರೆದು ತೋರಿಸಿದ. ಕಿಟಕಿ ಈಗ ಯಾವ ಮಾನಿಟರಿನಲ್ಲಿದೆ ಎಂದು ಕೇಳು. ಆ ಮಾನಿಟರಿನ ನಾಲ್ಕು ಮೂಲೆಯ ಅಳತೆ ಪಡೆ. ಕಿಟಕಿಯ ಈಗಿನ ಜಾಗವನ್ನು ಬರೆದಿಟ್ಟುಕೋ. ಅಂಚು ತೆಗೆದು ಆ ಅಳತೆಗೆ ಕೂರಿಸು. ಮತ್ತೆ ಗುಂಡಿ ಒತ್ತಿದಾಗ ಬರೆದಿಟ್ಟಲ್ಲಿಗೆ ಮರಳಿಸು. ಪರದೆಯ ರೆಸಲ್ಯೂಶನ್ ಬದಲಿಸುವ ಗೋಜೇ ಇಲ್ಲ, ಹಾಗಾಗಿ ಪಕ್ಕದ ಪರದೆಗೆ ಏನೂ ಆಗುವುದಿಲ್ಲ. ಲಿನಕ್ಸಿನ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಟ್ಟು ನಕ್ಷೆಯಲ್ಲಿ ತಾನೆಲ್ಲಿದ್ದೇನೆ ಎಂಬುದನ್ನೇ ಅದು ತಂತ್ರಾಂಶಕ್ಕೆ ಹೇಳುವುದಿಲ್ಲ. ಇಂಥ ಪರದೆಯಲ್ಲಿ ಫುಲ್‌ಸ್ಕ್ರೀನ್ ಬೇಕು ಎಂದು ಕೇಳಿಕೊಂಡರೆ ಜಾಗ, ಅಳತೆಗಳನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ಬ್ರೌಸರಿನೊಳಗಿನ ಪುಟಗಳಿಗೂ ಬಳಕೆದಾರರ ಒಪ್ಪಿಗೆ ಪಡೆದು ಯಾವ ಪರದೆ ಎಂದು ಆರಿಸುವ ಅವಕಾಶವನ್ನು ಕ್ರೋಮ್ 2022ರಲ್ಲಿ ಕೊಟ್ಟಿತು. ಸರ್ಕಾರಿ ಸೇವೆಗಳೆಲ್ಲ ಬ್ರೌಸರಿಗೆ ಬಂದಿರುವಾಗ ಇದು ಮುಖ್ಯ.

ಕೊರತೆ ಇರುವುದು ಪರೀಕ್ಷಿಸುವುದರಲ್ಲಿ. ಮೊದಲು ಹೇಳಿದ ನಾಲ್ಕೂ ತಾಲ್ಲೂಕುಗಳ ಜಿಲ್ಲಾ ಕೇಂದ್ರವಾದ ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ, 1979ರಿಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟನ್ನು ಒಮ್ಮೆ ಎಡಗಡೆ ಪರದೆ ಇಟ್ಟು, ಒಮ್ಮೆ ಎರಡಕ್ಕೆ ಬೇರೆ ಬೇರೆ ಪ್ರಮಾಣ ಕೊಟ್ಟು, ಫುಲ್‌ಸ್ಕ್ರೀನ್ ಇರುವಾಗಲೇ ಒಮ್ಮೆ ತಂತಿ ಕಿತ್ತು ನೋಡಿದರೆ ಇಲ್ಲಿ ಹೇಳಿದ ದೋಷಗಳಲ್ಲಿ ಬಹುಪಾಲು ಕಾಲೇಜಿನ ಲ್ಯಾಬಿನಲ್ಲೇ ಸಿಕ್ಕಿಬೀಳುತ್ತವೆ. ಅದಕ್ಕೆ ಹಳೆಯ ಮಾನಿಟರ್ ಒಂದಿದ್ದರೆ ಸಾಕು.

ಬಳಸುವವರಿಂದಲೂ ಆಗಬೇಕಾದ ಕೆಲಸವಿದೆ. 'ಸ್ಕ್ರೀನ್ ಸರಿ ಬರ್ತಿಲ್ಲ' ಎಂಬ ದೂರಿನಿಂದ ಯಾರೂ ಏನನ್ನೂ ಸರಿಪಡಿಸಲಾರರು. ಎಷ್ಟು ಪರದೆ, ಯಾವುದು ಮುಖ್ಯ, ಎರಡನೆಯದು ಯಾವ ಬದಿ, ಒಂದೊಂದರ ಅಳತೆ ಮತ್ತು ಪ್ರಮಾಣ, ಯಾವ ತಂತಿ, ನಡುವೆ ಸ್ಪ್ಲಿಟರ್ ಇದೆಯೇ, ಇಷ್ಟನ್ನು ಬರೆದು ಕಳಿಸಿ. ಜೊತೆಗೆ ಎರಡೂ ಪರದೆ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಲಗತ್ತಿಸಿ. ಕಂಪ್ಯೂಟರಿನ ಸ್ಕ್ರೀನ್‌ಶಾಟ್ ಇದಕ್ಕೆ ಸಾಲದು. ಟಿವಿ ಕತ್ತರಿಸಿದ ಅಂಚಾಗಲಿ, ಎಲ್‌ಇಡಿ ಗೋಡೆ ಬಿಟ್ಟ ಭಾಗವಾಗಲಿ ಅದರಲ್ಲಿ ಕಾಣುವುದಿಲ್ಲ.